ಹಳೆಯ ಕಾರಿನ ದೋಷ ನಿದಾನ

ಹೈದರಾಬಾದ್ ನಗರಕ್ಕೂ ಮೋಟಾರು ವಾಹನಕ್ಕೂ ಇರುವ ನಂಟು ಒಂದು ಶತಮಾನಕ್ಕೂ ಮೀರಿದ್ದು. ನಿಜಾಮರ ಚೌಮಹಲ್ಲಾ ಅರಮನೆಯಲ್ಲಿ 1912ರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರನ್ನು ಇಂದಿಗೂ ಸಂದರ್ಶಕರು ಕಾಣಬಹುದು. ಆದರೆ ಜನಸಾಮಾನ್ಯರ ಹಳೆಯ ಕಾರು ಅರಮನೆಯ ಗಾಜಿನ ಹಿಂದೆ ನಿಲ್ಲುವಂಥದಲ್ಲ. 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್, ಮುಂಬಯಿಯ ಕುರ್ಲಾದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 - ಇವು ದುಡಿಯುವ ವಾಹನಗಳು. ಭಾರತ್ ಸ್ಟೇಜ್-4 ಮಾನದಂಡ 13 ನಗರಗಳಲ್ಲಿ ಜಾರಿಗೆ ಬಂದಾಗ, ಅಂದರೆ 2010ರ ಏಪ್ರಿಲಿನಲ್ಲಿ, ಹೈದರಾಬಾದಿನಲ್ಲಿ ಮಾರುತಿ 800ರ ಮಾರಾಟ ನಿಂತಿತು. ಆದರೂ ಅದಕ್ಕೆ ಮುಂಚೆ ಕೊಂಡ ಕಾರುಗಳನ್ನು ಹಲವು ಕುಟುಂಬಗಳು ಉಳಿಸಿಕೊಂಡು ಬಂದಿವೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಆಸ್ಪತ್ರೆಗೆಂದೋ ಮದುವೆಗೆಂದೋ ಹೈದರಾಬಾದಿಗೆ ಬರುವ ಕನ್ನಡಿಗರ ಪೈಕಿಯೂ ಇಂತಹ ವಾಹನಗಳನ್ನೇ ನಂಬಿದವರುಂಟು.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅನಂತರ ವಾಹನವನ್ನು ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹೀಗಿರುವಾಗ ಹಳೆಯ ಕಾರಿನ ಮಾಲೀಕನಿಗೆ ತನ್ನ ವಾಹನದ ನಾಡಿ ತಿಳಿದಿರುವುದು ಅವಶ್ಯ. ವಾಹನವು ತನ್ನ ದೋಷವನ್ನು ತಾನೇ ದಾಖಲಿಸಿಕೊಳ್ಳುವ ವ್ಯವಸ್ಥೆ ಭಾರತದಲ್ಲಿ 2010ರ ನಂತರ ಹಂತಹಂತವಾಗಿ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ಕಾರಿನಲ್ಲಿ ಯಂತ್ರವನ್ನು ಜೋಡಿಸಿ ಓದಬಲ್ಲ ಸಂಕೇತಗಳಿಲ್ಲ. ಕಣ್ಣು, ಕಿವಿ, ಮೂಗು, ಒಂದು ಸಣ್ಣ ಪರೀಕ್ಷಾ ದೀಪ, ಒಂದು ವೋಲ್ಟ್ ಮೀಟರ್ - ಇವಿಷ್ಟೇ ಉಪಕರಣಗಳು. ವಾಸ್ತವವಾಗಿ ಇವು ಸಾಕು.

ಚಿಕಿತ್ಸೆಗೆ ಮುನ್ನ ನಿದಾನ

ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಗುರುತಿಸುವುದಕ್ಕೆ ನಿದಾನವೆಂದು ಹೆಸರು. ಕಾರಿನ ದುರಸ್ತಿಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವ ಹಂತವೂ ಇದೇ. ಕಾರು ನಿಂತಿತೆಂದೊಡನೆ ಸಿಕಂದರಾಬಾದಿನ ರಾಣಿಗಂಜ್‌ಗೋ ಪುತ್ಲಿಬೌಲಿಗೋ ಹೋಗಿ ಪ್ಲಗ್ ತರುವುದು, ಗುಣವಾಗದಿದ್ದರೆ ಕಾಯಿಲ್ ತರುವುದು, ಅದರಿಂದಲೂ ಆಗದಿದ್ದರೆ ಪಂಪು ಬದಲಿಸುವುದು - ಹೀಗೆ ಭಾಗಗಳನ್ನು ಬದಲಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಕಾರು ಸರಿಹೋಗಬಹುದು. ಆದರೆ ಕೆಟ್ಟಿದ್ದು ಯಾವುದೆಂಬುದು ಕೊನೆಗೂ ತಿಳಿಯುವುದಿಲ್ಲ. ಹಣವಂತೂ ಹೋಗಿಯೇ ಹೋಗುತ್ತದೆ.

ಬಾನೆಟ್ ತೆರೆಯುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ತೊಂದರೆ ಬೆಳಗಿನ ತಂಪಿನಲ್ಲಿ ಕಾಣುತ್ತದೆಯೋ, ಬಿಸಿಯಾದ ಮೇಲೋ? ನಿಧಾನಗತಿಯಲ್ಲೋ, ವೇಗದಲ್ಲೋ? ಮಳೆ ಬಂದ ಮರುದಿನವೋ? ಇವೆಲ್ಲಕ್ಕಿಂತ ಮುಖ್ಯವಾಗಿ, ಕಾರಿನ ಮೇಲೆ ಕೊನೆಯದಾಗಿ ಯಾರು ಏನು ಕೆಲಸ ಮಾಡಿದರು? ಮೊನ್ನೆ ಸರಿಯಾಗಿದ್ದು ಇಂದು ಕೆಟ್ಟಿರುವ ಕಾರಿನಲ್ಲಿ, ನಿನ್ನೆ ಕೈಯಾಡಿಸಿದ ಜಾಗವೇ ಪರೀಕ್ಷೆಗೆ ಮೊದಲ ಸ್ಥಾನ. ಬಿಗಿಯಾಗದ ತಂತಿ, ಅದಲುಬದಲಾದ ಪ್ಲಗ್ ವೈರು ಅಲ್ಲಿಯೇ ಸಿಗುವುದುಂಟು.

ಕೀಲಿ ತಿರುಗಿಸಿದರೂ ಮೌನ

ಕಾರು ಸ್ಟಾರ್ಟ್ ಆಗದಿರುವುದರಲ್ಲಿ ಎರಡು ಬಗೆ. ಸೆಲ್ಫ್ ಮೋಟಾರೇ ತಿರುಗದಿರುವುದು ಒಂದು, ಅದು ತಿರುಗಿದರೂ ಎಂಜಿನ್ ಹತ್ತದಿರುವುದು ಇನ್ನೊಂದು. ಇವೆರಡನ್ನೂ ಒಂದೇ ದೋಷವೆಂದು ಹೇಳಿದರೆ ಎಷ್ಟೇ ಅನುಭವಿ ಮೆಕ್ಯಾನಿಕ್ ಆದರೂ ದಾರಿ ತಪ್ಪುತ್ತಾನೆ.

ಮೊದಲನೆಯದಕ್ಕೆ ಹೆಡ್‌ಲೈಟೇ ಪರೀಕ್ಷಾ ಸಾಧನ. ದೀಪ ಹಚ್ಚಿ ಕೀಲಿ ತಿರುಗಿಸಬೇಕು. ದೀಪವು ತೀರ ಮಂಕಾಗಿ ಮೋಟಾರು ತಿರುಗದಿದ್ದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ತುದಿಗಳ ಹಿಡಿತ ಸಡಿಲವಾಗಿದೆ. ದೀಪದ ಬೆಳಕು ಸ್ವಲ್ಪವೂ ಕುಂದದೆ ಮೋಟಾರು ಸುಮ್ಮನಿದ್ದರೆ ವಿದ್ಯುತ್ತು ಮೋಟಾರಿಗೆ ತಲುಪುತ್ತಲೇ ಇಲ್ಲ. ಸಾಲಿನಾಯ್ಡ್, ಕೀಲಿಯ ಸ್ವಿಚ್ಚು ಅಥವಾ ಮೋಟಾರಿನ ಒಳಗಿನ ಬ್ರಷ್‌ಗಳ ಕಡೆ ಗಮನ ಹರಿಸಬೇಕು. ಕಾರು ರಾತ್ರಿಯಿಡೀ ನಿಂತ ಮೇಲೆ 12 ವೋಲ್ಟಿನ ಬ್ಯಾಟರಿಯ ತುದಿಗಳಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ಣ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದು. ಚಳಿಯಲ್ಲಿ ಬ್ಯಾಟರಿ ಸೋಲುತ್ತದೆಂಬುದು ಹಿಮ ಬೀಳುವ ದೇಶಗಳ ಅನುಭವ. ಹೈದರಾಬಾದಿನಲ್ಲಿ ಬ್ಯಾಟರಿಯ ಆಯುಸ್ಸನ್ನು ಕಡಿಮೆ ಮಾಡುವುದು ಏಪ್ರಿಲ್, ಮೇ ತಿಂಗಳುಗಳ 40 ಡಿಗ್ರಿ ದಾಟುವ ಸೆಖೆ. ಬಿಸಿಗೆ ಒಳಗಿನ ನೀರು ಆರಿ ತಟ್ಟೆಗಳು ಬಯಲಾಗುತ್ತವೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಶುದ್ಧೀಕರಿಸಿದ ಬ್ಯಾಟರಿ ನೀರನ್ನು ತುಂಬಬೇಕಾಗಬಹುದು. ನಲ್ಲಿಯ ನೀರು ಕೂಡದು.

ಬ್ಯಾಟರಿ ಹೊಸದು, ಮೋಟಾರು ಸರಿಯಾದದ್ದು, ಆದರೂ ಎಂಜಿನ್ ಬಳಲಿ ತಿರುಗುತ್ತದೆ - ಇಂತಹ ದೂರು ಹಳೆಯ ಕಾರುಗಳಲ್ಲಿ ಬಹಳ. ಇದರ ಹಿಂದಿರುವುದು ಸಾಮಾನ್ಯವಾಗಿ ಅರ್ತಿಂಗ್ ದೋಷ. ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅಷ್ಟೂ ವಿದ್ಯುತ್ತು ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಒಂದು ಹೆಣೆದ ಪಟ್ಟಿಯ ಮೂಲಕ ಮರಳಬೇಕು. ಆ ಪಟ್ಟಿಯ ಕೆಳಗೆ ತುಕ್ಕು, ಬಣ್ಣ, ಗ್ರೀಸು ಸೇರಿದರೆ ದಾರಿ ಕಿರಿದಾಗುತ್ತದೆ. ಪರೀಕ್ಷೆ ಸುಲಭ: ವೋಲ್ಟ್ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಸ್ವಚ್ಛವಾದ ಲೋಹಕ್ಕೂ ತಾಗಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಆ ದಾರಿಯಲ್ಲೇ ಇದೆ. ಮರಳು ಕಾಗದದಿಂದ ಉಜ್ಜಿ ಬಿಗಿದರೆ ಮುಗಿಯಬಹುದಾದ ಈ ಕೆಲಸಕ್ಕೆ ಬದಲಾಗಿ ಹೊಸ ಬ್ಯಾಟರಿ ಕೊಂಡವರು ಕಡಿಮೆಯಿಲ್ಲ.

ತಿರುಗುತ್ತದೆ, ಹತ್ತುವುದಿಲ್ಲ

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಮೂರು: ಸಕಾಲದ ಕಿಡಿ, ಸರಿಯಾದ ಪ್ರಮಾಣದ ಇಂಧನ ಮತ್ತು ಗಾಳಿ, ಸಾಕಷ್ಟು ಒತ್ತಡ. ಒತ್ತಡ ಒಂದೇ ರಾತ್ರಿಯಲ್ಲಿ ಕ್ಷೀಣಿಸುವುದು ವಿರಳ. ಆದ್ದರಿಂದ ನಿನ್ನೆ ಓಡಿದ ಕಾರು ಇಂದು ಹತ್ತದಿದ್ದರೆ ಕಿಡಿಯನ್ನೂ ಇಂಧನವನ್ನೂ ಮಾತ್ರ ನೋಡಿದರೆ ಸಾಕು.

ಒಂದು ಪ್ಲಗ್ ಬಿಚ್ಚಿ, ವೈರು ಜೋಡಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿಟ್ಟು ಎಂಜಿನ್ ತಿರುಗಿಸಿದಾಗ ನೀಲಿ ಬಣ್ಣದ ಚಟಚಟ ಕಿಡಿ ಬರಬೇಕು. ಇದನ್ನು ಮಾಡುವಾಗ ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು; ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಕಿಡಿ ಹಳದಿಯಾಗಿ ಕ್ಷೀಣವಾಗಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆರೆದು ಪಾಯಿಂಟುಗಳನ್ನು ನೋಡಬೇಕು. ಅವುಗಳ ಅಂತರ ಸಾಮಾನ್ಯವಾಗಿ 0.4 ಮಿಲಿಮೀಟರ್ ಆಸುಪಾಸು. ಹೊಸ ಪಾಯಿಂಟುಗಳು ಕೆಲವೇ ದಿನಗಳಲ್ಲಿ ಸುಟ್ಟು ಕರಕಾಗಿದ್ದರೆ ಅಪರಾಧಿ ಪಾಯಿಂಟಲ್ಲ, ಪಕ್ಕದಲ್ಲಿರುವ ಕಂಡೆನ್ಸರ್. ಮಳೆಗಾಲದ ಬೆಳಗಿನಲ್ಲಿ ಮಾತ್ರ ಕಾಡುವ ತೊಂದರೆಗೆ ಮುಚ್ಚಳದ ಒಳಗೆ ಕೂತ ತೇವ ಅಥವಾ ಕೂದಲೆಳೆಯಂಥ ಬಿರುಕು ಕಾರಣ. ಒಣ ಬಟ್ಟೆಯಿಂದ ಒರಸಿದಾಗ ಕಾರು ಹತ್ತಿದರೆ ನಿದಾನ ಮುಗಿಯಿತು. ವೈರುಗಳನ್ನು ಬಿಚ್ಚಿದ್ದರೆ ಅಂಬಾಸಿಡರ್, ಪದ್ಮಿನಿಗಳಲ್ಲಿ 1-3-4-2 ಎಂಬ ಕ್ರಮದಲ್ಲೇ ಜೋಡಿಸತಕ್ಕದ್ದು.

ಬಿಚ್ಚಿದ ಪ್ಲಗ್ ಇಂಧನದ ಕಡೆಗೂ ಸಾಕ್ಷಿ ನುಡಿಯುತ್ತದೆ. ಅದು ಒದ್ದೆಯಾಗಿ ಪೆಟ್ರೋಲ್ ವಾಸನೆ ಬೀರಿದರೆ ಇಂಧನ ಬರುತ್ತಿದೆ, ಬಹುಶಃ ಹೆಚ್ಚೇ ಬರುತ್ತಿದೆ. ಪೂರ್ತಿ ಒಣಗಿದ್ದರೆ ಬರುತ್ತಲೇ ಇಲ್ಲ.

ಮಧ್ಯಾಹ್ನ ನಿಂತು ಸಂಜೆ ಓಡುವ ಕಾರು

ಹೈದರಾಬಾದಿನಂಥ ಊರಿನಲ್ಲಿ ಹಳೆಯ ಕಾರಿನ ಮಾಲೀಕನನ್ನು ಅತ್ಯಂತ ಗೊಂದಲಕ್ಕೆ ಈಡುಮಾಡುವ ದೋಷ ಇದು. ಬೆಳಿಗ್ಗೆ ಕಾರು ಮೊದಲ ಯತ್ನಕ್ಕೇ ಹತ್ತುತ್ತದೆ. ಮೇ ತಿಂಗಳ ಮಧ್ಯಾಹ್ನ ಪಂಜಗುಟ್ಟ, ಅಮೀರ್‌ಪೇಟೆಗಳ ವಾಹನ ದಟ್ಟಣೆಯಲ್ಲಿ ಇಪ್ಪತ್ತು ನಿಮಿಷ ತೆವಳಿದ ಮೇಲೆ ಕೆಮ್ಮಿ ನಿಂತುಬಿಡುತ್ತದೆ. ಎಷ್ಟು ತಿರುಗಿಸಿದರೂ ಜಗ್ಗದು. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಎಲ್ಲವೂ ಸರಿ. ಮೆಕ್ಯಾನಿಕ್ ಏನನ್ನೂ ಕಾಣಲಾರ.

ಇದಕ್ಕೆ ನಾಲ್ಕು ಕಾರಣಗಳು ಸಾಧ್ಯ. ನಾಲ್ಕೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಮೊದಲನೆಯದು ಆವಿಯ ತಡೆ. ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿನ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿರುವ ಯಾಂತ್ರಿಕ ಪಂಪು ಕಾದಾಗ ಒಳಗೆ ದ್ರವದ ಬದಲು ಆವಿ ತುಂಬುತ್ತದೆ. ದ್ರವವನ್ನು ತಳ್ಳಲು ಮಾಡಿದ ಪಂಪು ಆವಿಯನ್ನು ತಳ್ಳಲಾರದು. ಕಾರು ಓಡುತ್ತಿರುವಾಗ ಗಾಳಿ ಬೀಸಿ ಪಂಪು ತಂಪಾಗಿರುತ್ತದೆ, ನಿಂತಾಗಲೇ ತೊಂದರೆ. ಎರಡನೆಯದು ಇಗ್ನಿಷನ್ ಕಾಯಿಲ್. ಇದರೊಳಗಿನ ಸಾವಿರಾರು ಸುತ್ತುಗಳ ಸಣ್ಣ ತಂತಿಯ ಲೇಪ ಹಳತಾದಾಗ ಬಿಸಿಗೆ ಒಳಗೇ ಸೋರಿಕೆಯಾಗಿ ಕಿಡಿ ಸಾಯುತ್ತದೆ, ತಣಿದೊಡನೆ ಮರಳುತ್ತದೆ. ಮೂರನೆಯದು ಕಂಡೆನ್ಸರ್, ಇದರ ಸ್ವಭಾವವೂ ಕಾಯಿಲಿನದೇ. ನಾಲ್ಕನೆಯದು ಯಾರೂ ಊಹಿಸದ ಜಾಗ - ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲಿನ ಗಾಳಿಯ ರಂಧ್ರ ಧೂಳಿನಿಂದ ಮುಚ್ಚಿದ್ದರೆ, ಅಥವಾ ಕಳೆದ ಮುಚ್ಚಳಕ್ಕೆ ಬದಲಾಗಿ ರಂಧ್ರವಿಲ್ಲದ್ದನ್ನು ಹಾಕಿದ್ದರೆ, ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ ಇಂಧನ ಬರುವುದು ನಿಲ್ಲುತ್ತದೆ. ಕಾರು ನಿಂತಿದ್ದಾಗ ಗಾಳಿ ಮೆಲ್ಲನೆ ಒಳಸೇರಿ ಮತ್ತೆ ದಾರಿ ತೆರೆಯುತ್ತದೆ.

ಇವುಗಳನ್ನು ಬೇರ್ಪಡಿಸುವ ಗುಟ್ಟು ಒಂದೇ: ಕಾರು ಸತ್ತ ಸ್ಥಿತಿಯಲ್ಲಿದ್ದಾಗಲೇ ಪರೀಕ್ಷಿಸಬೇಕು. ಅರ್ಧ ಗಂಟೆ ಕಳೆದರೆ ಸಾಕ್ಷಿಗಳೆಲ್ಲ ಮಾಯ. ಕಾರನ್ನು ಬದಿಗೆ ತಳ್ಳಿ, ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆದು ಕಿವಿಗೊಡಬೇಕು. ಗಾಳಿ ಒಳನುಗ್ಗುವ ಸುಯ್ ಎಂಬ ಸದ್ದು ಕೇಳಿ, ಕೂಡಲೇ ಕಾರು ಹತ್ತಿದರೆ ಕಾರಣ ಅಲ್ಲಿಯೇ. ಇಲ್ಲವಾದರೆ ಮೇಲೆ ಹೇಳಿದಂತೆ ಕಿಡಿಯನ್ನು ನೋಡಬೇಕು. ಆದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡ. ಕಿಡಿ ಇಲ್ಲದಿದ್ದರೆ ಅಥವಾ ಹಳದಿಯಾಗಿದ್ದರೆ ಕಾಯಿಲ್ ಇಲ್ಲವೇ ಕಂಡೆನ್ಸರ್. ಪರೀಕ್ಷೆಗಾಗಿ ಬೆಲೆ ಕಡಿಮೆಯಿರುವ ಕಂಡೆನ್ಸರನ್ನು ಮೊದಲು ಬದಲಿಸುವುದು ಜಾಣತನ. ಕಿಡಿ ನೀಲಿಯಾಗಿ ಬಲವಾಗಿದ್ದರೆ ಒಂದು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಪಂಪಿನ ಮೇಲೂ ಕೊಳವೆಯ ಮೇಲೂ ಸುತ್ತಬೇಕು. ನೀರು ಡಿಸ್ಟ್ರಿಬ್ಯೂಟರಿಗೆ ತಾಗದಿರಲಿ. ಕೆಲವೇ ನಿಮಿಷಗಳಲ್ಲಿ ಕಾರು ಹೊರಟರೆ ಅದು ಆವಿಯ ತಡೆ. ಹಳೆಯ ಟ್ಯಾಕ್ಸಿ ಚಾಲಕರು ಬೇಸಿಗೆಯಲ್ಲಿ ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿಕೊಂಡೇ ಹೊರಡುತ್ತಿದ್ದುದು ಮೂಢನಂಬಿಕೆಯೇನಲ್ಲ. ಶಾಶ್ವತ ಪರಿಹಾರವೆಂದರೆ ಕೊಳವೆಯನ್ನು ಸೈಲೆನ್ಸರಿನ ಬಿಸಿಯಿಂದ ದೂರ ಸರಿಸುವುದು ಮತ್ತು ಪಂಪಿಗೂ ಎಂಜಿನ್ನಿಗೂ ನಡುವೆ ಇರಬೇಕಾದ ಶಾಖನಿರೋಧಕ ತುಂಡು ಇದೆಯೇ ಎಂದು ನೋಡುವುದು. ಹಿಂದಿನ ದುರಸ್ತಿಯಲ್ಲಿ ಅದನ್ನು ಯಾರಾದರೂ ಎಸೆದಿರುವ ಸಂಭವ ಉಂಟು.

ಇದೇ ಬಿಸಿಲಿನ ಇನ್ನೊಂದು ಚಮತ್ಕಾರವಿದೆ. ಬಿಸಿಯಾದ ಕಾರನ್ನು ಹತ್ತು ನಿಮಿಷ ನಿಲ್ಲಿಸಿ ಬಂದಾಗ ಹತ್ತುವುದಿಲ್ಲ, ಪೆಟ್ರೋಲ್ ವಾಸನೆ ಮಾತ್ರ ದಟ್ಟವಾಗಿರುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಕುದಿದು ಎಂಜಿನ್ನಿನೊಳಕ್ಕೆ ಉಕ್ಕಿರುವುದೇ ಕಾರಣ. ಆಗ ಚೋಕ್ ಎಳೆಯಬಾರದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಾಗೆಯೇ ಹಿಡಿದು, ಪದೇ ಪದೇ ಒತ್ತದೆ, ಎಂಜಿನ್ ತಿರುಗಿಸಿದರೆ ಗಾಳಿ ಹೆಚ್ಚು ನುಗ್ಗಿ ಹತ್ತುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲಿನ ವಿಷಯವನ್ನೂ ಇಲ್ಲಿ ಹೇಳಬೇಕು. 2022ರಲ್ಲಿ ದೇಶವು ಶೇಕಡಾ 10ರ ಮಿಶ್ರಣವನ್ನು ತಲುಪಿತು. 2025ರ ವೇಳೆಗೆ ಶೇಕಡಾ 20ರ ಮಿಶ್ರಣ ವ್ಯಾಪಕವಾಯಿತು. ಅಂಬಾಸಿಡರ್, ಪದ್ಮಿನಿ ಕಾಲದ ರಬ್ಬರ್ ಕೊಳವೆ, ಪಂಪಿನ ಪೊರೆ, ಗ್ಯಾಸ್ಕೆಟ್‌ಗಳು ಇದಕ್ಕಾಗಿ ಮಾಡಿದವಲ್ಲ. ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ಕಿಟ್ಟವನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಕೊಳವೆಯನ್ನು ಬೆರಳಿನಿಂದ ಒತ್ತಿದಾಗ ಬಿರುಕು ಕಂಡರೆ ಅಥವಾ ಮೆತ್ತಗೆ ಊದಿಕೊಂಡಿದ್ದರೆ ಅಂದೇ ಬದಲಿಸಬೇಕು. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲಿನಿಂದ ಕಾರೇ ಹೊತ್ತಿಕೊಳ್ಳಬಹುದು.

ಕುದಿಯುವ ರೇಡಿಯೇಟರ್

ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಈ ಮಟ್ಟವನ್ನು ಏರಿಸುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಬೇರೇನೂ ಕೆಡದೆಯೇ ಕಾರು ಕುದಿಯಬಹುದು. ಬಿಸಿಯಾಗಿರುವಾಗ ಈ ಮುಚ್ಚಳವನ್ನು ತೆರೆಯುವುದು ಮುಖ ಕೈ ಸುಟ್ಟುಕೊಳ್ಳುವ ಖಚಿತ ಮಾರ್ಗ.

ಯಾವಾಗ ಕುದಿಯುತ್ತದೆ ಎಂಬುದರಲ್ಲೇ ಉತ್ತರ ಅಡಗಿದೆ. ದಟ್ಟಣೆಯಲ್ಲಿ ಕಾದು ಜಹೀರಾಬಾದ್ ಹೆದ್ದಾರಿಯಲ್ಲಿ ತಣ್ಣಗಾಗುವ ಕಾರಿಗೆ ಗಾಳಿಯ ಕೊರತೆ: ಸಡಿಲವಾದ ಫ್ಯಾನ್ ಬೆಲ್ಟು, ತಿರುಗದ ವಿದ್ಯುತ್ ಫ್ಯಾನು. ಊರೊಳಗೆ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಕಾಯುವ ಕಾರಿಗೆ ಹೆಚ್ಚಾಗಿ ನೀರಿನ ಹರಿವಿನ ಕೊರತೆ: ಕಿಟ್ಟ ಕಟ್ಟಿದ ರೇಡಿಯೇಟರು, ಒಳಕ್ಕೆ ಕುಸಿಯುವ ಕೆಳಗಿನ ಹೋಸ್ ಪೈಪು. ದಖ್ಖನಿನ ಕೊಳವೆಬಾವಿಗಳ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ ರೇಡಿಯೇಟರಿನಲ್ಲಿ ಪಾತ್ರೆಯ ತಳದಲ್ಲಿ ಕಾಣುವಂಥದೇ ಬಿಳಿ ಪದರ ಕೂರುತ್ತದೆ. ಬೇಸಿಗೆಯ ನೆಪದಲ್ಲಿ ಥರ್ಮೋಸ್ಟಾಟನ್ನು ಕಿತ್ತೆಸೆಯುವ ರೂಢಿ ಬಹಳ ಕಡೆ ಇದೆ. ಇದು ರೋಗ ಮುಚ್ಚಿಡುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ರೇಡಿಯೇಟರಿನಲ್ಲಿ ನಿರಂತರ ಗುಳ್ಳೆಗಳು, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ತಿಳಿದು ಕಾರನ್ನು ಓಡಿಸುವುದನ್ನೇ ನಿಲ್ಲಿಸಬೇಕು.

ತಂತಿಗಳ ಜಾಲ

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಬೇಯುತ್ತಿದೆ. ಚಾರ್ಜ್ ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾದರೆ ಕಳ್ಳನನ್ನು ಹುಡುಕುವ ಕ್ರಮವಿದೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ, ಆ ತಂತಿಗೂ ಬ್ಯಾಟರಿಯ ತುದಿಗೂ ನಡುವೆ ಪರೀಕ್ಷಾ ದೀಪವನ್ನಿಡಬೇಕು. ದೀಪ ಉರಿದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದಾಗ ಯಾವುದನ್ನು ತೆಗೆದೊಡನೆ ದೀಪ ಆರುವುದೋ ಆ ಸಾಲಿನಲ್ಲೇ ಸೋರಿಕೆ. ಎಲ್ಲ ಫ್ಯೂಸು ತೆಗೆದರೂ ಆರದಿದ್ದರೆ ಆಲ್ಟರ್ನೇಟರಿನ ಡಯೋಡನ್ನು ಅನುಮಾನಿಸಬೇಕು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಕುಣಿಯುವುದು - ಈ ವಿಚಿತ್ರಗಳಿಗೆಲ್ಲ ಹಿಂದಿನ ದೀಪದ ಅರ್ತ್ ತುಕ್ಕು ಹಿಡಿದಿರುವುದೇ ಸಾಮಾನ್ಯ ಕಾರಣ. ಪದೇ ಪದೇ ಹೋಗುವ ಫ್ಯೂಸಿಗೆ ಬದಲಾಗಿ ದಪ್ಪ ತಂತಿಯನ್ನೋ ಸಿಗರೇಟಿನ ಬೆಳ್ಳಿ ಹಾಳೆಯನ್ನೋ ಸುತ್ತುವವರಿದ್ದಾರೆ. ಫ್ಯೂಸು ಸುಡದಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿನ ತಂತಿ ಸುಡುತ್ತದೆ. ನಂತರ ಸೇರಿಸಿದ ಹಾರ್ನು, ದೀಪ, ಸ್ಟೀರಿಯೋಗಳ ತಂತಿಗಳನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು.

ಹೊಗೆ ಮತ್ತು ಸದ್ದು

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ನೀರು ಒಳಸೇರುತ್ತಿದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಸ್ವಚ್ಛಗೊಳಿಸಿದರೇ ಗುಣ ಕಾಣುವುದುಂಟು. ಮಾಲಿನ್ಯ ಪರೀಕ್ಷೆಯಲ್ಲಿ ಭಾರತ್ ಸ್ಟೇಜ್-2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡಿನ ಮಿತಿ ಶೇಕಡಾ 3. ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರಿಗೆ ಇದು ಕಷ್ಟದ ಮಿತಿಯಲ್ಲ. ಮೇಲ್ಭಾಗದ ತೆಳು ಟಿಕ್ ಟಿಕ್ ಸದ್ದು ಟ್ಯಾಪೆಟ್ಟಿನದು, ಅವಸರವಿಲ್ಲ. ಏರಿನಲ್ಲಿ ಆಳದಿಂದ ಬರುವ ಡಬ್ ಡಬ್ ಸದ್ದಿನ ಜೊತೆಗೆ ಆಯಿಲ್ ದೀಪ ಉರಿದರೆ ಆ ಕ್ಷಣವೇ ಎಂಜಿನ್ ಆರಿಸಬೇಕು.

2020ರ ಅಕ್ಟೋಬರಿನ ಮಹಾಮಳೆಯಲ್ಲಿ ಹೈದರಾಬಾದಿನ ತಗ್ಗು ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಇಂತಹ ಕಾರನ್ನು ನೀರಿಳಿದ ಮೇಲೆ ಕೀಲಿ ತಿರುಗಿಸಿ ನೋಡುವುದು ದೊಡ್ಡ ತಪ್ಪು. ಸಿಲಿಂಡರಿನೊಳಗಿನ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡ್. ಮೊದಲು ಬ್ಯಾಟರಿ ಕಳಚಿ, ಪ್ಲಗ್‌ಗಳನ್ನೆಲ್ಲ ತೆಗೆದು, ಆಯಿಲ್ ಬದಲಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು.

ಬ್ರೇಕಿನ ಪೆಡಲು ಹೇಳುವುದು

ಮೇಲಿನ ಎಲ್ಲ ದೋಷಗಳಲ್ಲಿ ಕಾರು ನಿಂತುಹೋಗುತ್ತದೆ. ಬ್ರೇಕ್ ದೋಷದಲ್ಲಿ ಕಾರು ನಿಲ್ಲುವುದಿಲ್ಲ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದಾಗ ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ನೆಲಕ್ಕಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ, ಇಲ್ಲವೇ ಎಲ್ಲೋ ಸೋರಿಕೆಯಿದೆ. ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಯಾವುದೋ ಚಕ್ರದ ಸಿಲಿಂಡರ್ ಬಿಗಿದುಕೊಂಡಿದೆ ಅಥವಾ ಲೈನಿಂಗಿಗೆ ಎಣ್ಣೆ ತಗುಲಿದೆ. ಹಳೆಯ ಮಾದರಿಯ ಹಲವು ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಮಾರ್ಗದ ಬ್ರೇಕ್ ವ್ಯವಸ್ಥೆ ಇದೆ; ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಆದುದರಿಂದ ಚಕ್ರದ ಒಳಬದಿಯಲ್ಲಿ ಕಾಣುವ ಒದ್ದೆ ಕಲೆಯನ್ನು ನಾಳೆಗೆ ಮುಂದೂಡಕೂಡದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್-3 ದರ್ಜೆಯ ಹೊಸ ದ್ರವ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ದ್ರವಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ಹೈದರಾಬಾದಿನಿಂದ ಶ್ರೀಶೈಲಕ್ಕೆ ಹೋಗುವ ಯಾತ್ರಿಕರು ಕೃಷ್ಣೆಯತ್ತ ಘಟ್ಟ ಇಳಿಯುವಾಗ ಈ ಅಂತರ ಅನುಭವಕ್ಕೆ ಬರುತ್ತದೆ. ಸಮತಟ್ಟಾದ ದಾರಿಯುದ್ದಕ್ಕೂ ಗಟ್ಟಿಯಾಗಿದ್ದ ಪೆಡಲು, ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿದ್ದರಿಂದ ದ್ರವ ಕುದಿದು, ಒಮ್ಮೆಗೇ ನೆಲಕ್ಕೆ ತಾಗುತ್ತದೆ. ಏರಲು ಬಳಸುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮಕ್ಕೆ ಇದೇ ಆಧಾರ. ತಣಿದ ಮೇಲೆ ಪೆಡಲು ಮರಳಿ ಗಟ್ಟಿಯಾಗುವುದರಿಂದ ದೋಷವಿಲ್ಲವೆಂದು ಭ್ರಮಿಸಿ ಮುಂದುವರಿಯುವವರುಂಟು. ಅಂತಹ ಕಾರಿನ ದ್ರವವನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದಲ್ಲಿರುವ ಹಿಂದಿನ ಎಡಚಕ್ರದಿಂದ ಆರಂಭಿಸಿ, ಮುಂದಿನ ಬಲಚಕ್ರದಲ್ಲಿ ಮುಗಿಯುವಂತೆ ಗಾಳಿ ತೆಗೆಯಬೇಕು. ಎರಡು ವರ್ಷಕ್ಕೊಮ್ಮೆ, ಘಟ್ಟದ ಪ್ರಯಾಣವಿದ್ದರೆ ಹೊರಡುವ ಮೊದಲೇ, ಈ ಕೆಲಸ ಆಗತಕ್ಕದ್ದು. ದ್ರವ ಕಡಿಮೆಯಾಯಿತೆಂದು ದಾರಿಯಲ್ಲಿ ಎಂಜಿನ್ ಆಯಿಲನ್ನೋ ಸೀಮೆಎಣ್ಣೆಯನ್ನೋ ಸುರಿದರೆ ಒಳಗಿನ ರಬ್ಬರ್ ಬಟ್ಟಲುಗಳು ಊದಿಕೊಂಡು ಬ್ರೇಕ್ ವ್ಯವಸ್ಥೆಯ ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.